ಸೋಲಾರ್ ಮನೆಗೆ ಪುಷ್ಯ ಮಳೆಯ ಲೆಕ್ಕ

ಸೋಲಾರ್ ಮಾರುವವರು ಮಲೆನಾಡಿನ ಮನೆಗಳಿಗೆ ಬರುವುದು ಹೆಚ್ಚಾಗಿ ಅಡಿಕೆ ಕೊಯ್ಲು ಮುಗಿದು ಕೈಯಲ್ಲಿ ನಾಲ್ಕು ಕಾಸು ಓಡಾಡುವ ಹೊತ್ತಿಗೆ, ಶಿವರಾತ್ರಿಯ ಆಸುಪಾಸಿನಲ್ಲಿ. ಆಕಾಶ ನಿಚ್ಚಳ, ಅಂಗಳದಲ್ಲಿ ಬರಿಗಾಲಿಡಲಾಗದ ಬಿಸಿಲು. ಒಂದು ಕಿಲೋವ್ಯಾಟ್ ಪ್ಯಾನೆಲ್ ಹಾಕಿದರೆ ದಿನಕ್ಕೆ ನಾಲ್ಕರಿಂದ ಐದು ಯೂನಿಟ್ ಎಂದು ಅವರು ಹೇಳುವುದರಲ್ಲಿ ಸುಳ್ಳೇನೂ ಇಲ್ಲ. ಆ ದಿನಗಳಲ್ಲಿ ಹೆಚ್ಚುಕಡಿಮೆ ಅಷ್ಟು ಬರುತ್ತದೆ. ಆದರೆ ಆ ಮನೆಗೆ ಸ್ವಂತ ಕರೆಂಟು ನಿಜವಾಗಿ ಬೇಕಾಗುವುದು ಆರಿದ್ರೆ ಹಿಡಿದ ಮೇಲೆ. ಪುನರ್ವಸು ಕಳೆದು ಪುಷ್ಯ ಸುರಿಯುವಾಗ ಮರ ಬಿದ್ದು ಲೈನು ಹರಿಯುತ್ತದೆ, ಹಳ್ಳ ತುಂಬಿ ಲೈನ್‌ಮ್ಯಾನ್ ಆಚೆ ದಡದಲ್ಲಿ ನಿಲ್ಲುತ್ತಾನೆ, ಮೊಬೈಲ್ ಚಾರ್ಜಿಗೂ ಪರದಾಟ. ಆಗ ಅದೇ ಪ್ಯಾನೆಲ್ ದಿನಕ್ಕೆ ಒಂದು ಯೂನಿಟ್ ಕೊಟ್ಟರೆ ಪುಣ್ಯ. ಹಗಲೇ ದೀಪ ಹಚ್ಚಬೇಕಾದಂಥ ಮೋಡದ ದಿನ ಅರ್ಧ ಯೂನಿಟ್ಟಿಗೂ ತತ್ವಾರ. ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್‌ಗೂ ಮಿಕ್ಕಿ ಮಳೆ ಸುರಿಯುವ ಆಗುಂಬೆ ಕಡೆಯ ಮನೆಗೆ ಫೆಬ್ರುವರಿಯ ಬಿಸಿಲು ನೋಡಿ ಸೋಲಾರ್ ಹಾಕಿಸುವುದು, ಬೇಸಿಗೆಯ ಹಳ್ಳ ನೋಡಿ ಸಂಕ ಕಟ್ಟಿಸಿದ ಹಾಗೆ.

ಮುಂದೆ ಹೋಗುವ ಮೊದಲು ಒಂದು ಗೊಂದಲ ಬಿಡಿಸಿಕೊಳ್ಳಬೇಕು. ಈಚೆಗೆ ಪೇಟೆಯ ತಾರಸಿಗಳ ಮೇಲೆ ಕಾಣುವ ಪ್ಯಾನೆಲ್‌ಗಳು ಬಹುಪಾಲು ಗ್ರಿಡ್ಡಿಗೆ ಜೋಡಿಸಿದವು. ಹಗಲು ಹುಟ್ಟಿದ ಕರೆಂಟಿನಲ್ಲಿ ಮನೆ ಬಳಸಿ ಉಳಿದದ್ದು ಎಸ್ಕಾಂ ಲೈನಿಗೆ ಹೋಗುತ್ತದೆ, ರಾತ್ರಿ ಬೇಕಾದದ್ದು ಲೈನಿನಿಂದ ಬರುತ್ತದೆ, ಮೀಟರು ಎರಡರ ಲೆಕ್ಕವನ್ನೂ ಇಡುತ್ತದೆ. ಸಾಮಾನ್ಯವಾಗಿ ಇದರಲ್ಲಿ ಬ್ಯಾಟರಿ ಇರುವುದಿಲ್ಲ. 2024ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಪಿಎಂ ಸೂರ್ಯಘರ್ ಯೋಜನೆ ಸಹಾಯಧನ ಕೊಡುವುದು ಗ್ರಿಡ್ಡಿಗೆ ಜೋಡಿಸಿದವಕ್ಕೇ: ಒಂದು ಕಿಲೋವ್ಯಾಟಿಗೆ 30,000 ರೂಪಾಯಿ, ಎರಡಕ್ಕೆ 60,000, ಮೂರು ಅಥವಾ ಅದಕ್ಕೆ ಮೇಲ್ಪಟ್ಟರೆ 78,000. ಹಾಕಿಸಿಕೊಂಡ ಎಷ್ಟೋ ಮಂದಿ ಮೊದಲ ಸಲ ಕರೆಂಟು ಹೋದಾಗ ತಬ್ಬಿಬ್ಬಾಗುತ್ತಾರೆ. ನೆತ್ತಿ ಸುಡುವ ಬಿಸಿಲು, ತಾರಸಿ ತುಂಬ ಪ್ಯಾನೆಲ್, ಒಳಗೆ ಫ್ಯಾನು ಮಾತ್ರ ನಿಂತಿದೆ! ಅದು ಕೆಟ್ಟಿಲ್ಲ, ಅದನ್ನು ಮಾಡಿರುವುದೇ ಹಾಗೆ. ಲೈನಿನಲ್ಲಿ ಕರೆಂಟಿಲ್ಲ ಎಂದು ನಂಬಿ ಕಂಬ ಹತ್ತಿದವನಿಗೆ ನಿಮ್ಮ ಮನೆಯಿಂದ ಹರಿದ ಕರೆಂಟು ಹೊಡೆಯಬಾರದಲ್ಲ? ಅದಕ್ಕೇ ಲೈನು ಸತ್ತ ಕೂಡಲೇ ಆ ಇನ್ವರ್ಟರ್ ತಾನೂ ಕಣ್ಣು ಮುಚ್ಚುತ್ತದೆ.

ನಾವು ಇಲ್ಲಿ ಮಾತಾಡುತ್ತಿರುವುದು ಆಫ್-ಗ್ರಿಡ್ ಮನೆಯ ವಿಷಯ. ಅಲ್ಲಿ ಲೈನಿನ ಹಂಗೇ ಇಲ್ಲ. ಪ್ಯಾನೆಲ್, ಅದರಿಂದ ಬಂದದ್ದನ್ನು ಹದವಾಗಿ ಬ್ಯಾಟರಿಗೆ ತುಂಬುವ ಚಾರ್ಜ್ ಕಂಟ್ರೋಲರ್, ಬ್ಯಾಟರಿ, ಬ್ಯಾಟರಿಯ ಡಿಸಿಯನ್ನು ಮನೆಬಳಕೆಯ 230 ವೋಲ್ಟ್ ಎಸಿಗೆ ತಿರುಗಿಸುವ ಇನ್ವರ್ಟರ್. ಇಷ್ಟೇ ಸಂಸಾರ.

ಕರ್ನಾಟಕದ ಹಳ್ಳಿಗಳಿಗೆ ಇದು ಹೊಸದಲ್ಲ. ಹರೀಶ್ ಹಂದೆ ಮತ್ತು ನೆವಿಲ್ ವಿಲಿಯಮ್ಸ್ ಸೇರಿ ಬೆಂಗಳೂರಿನಲ್ಲಿ ಸೆಲ್ಕೋ ಆರಂಭಿಸಿದ್ದು 1995ರಲ್ಲಿ. ಆಗಿನ ಮಾಲು ಎಂದರೆ ಒಂದು ಸಣ್ಣ ಪ್ಯಾನೆಲ್, ಒಂದು ಬ್ಯಾಟರಿ, ಎರಡೋ ನಾಲ್ಕೋ ದೀಪ. ಆ ಕೆಲಸದ ಹೆಚ್ಚುಗಾರಿಕೆ ತಂತ್ರಜ್ಞಾನಕ್ಕಿಂತ ಸಾಲದ ವ್ಯವಸ್ಥೆಯಲ್ಲಿತ್ತು ಎಂದು ನನಗೆ ಅನಿಸುತ್ತದೆ. ಎಮ್ಮೆಗೆ, ಪಂಪ್‌ಸೆಟ್ಟಿಗೆ ಸಾಲ ಕೊಡುತ್ತಿದ್ದ ಗ್ರಾಮೀಣ ಬ್ಯಾಂಕುಗಳು ದೀಪಕ್ಕೂ ಸಾಲ ಕೊಡತೊಡಗಿದವು, ಕಂತು ಮನೆಯವರ ಸಂಪಾದನೆಯ ಕಾಲಕ್ಕೆ ಹೊಂದುವಂತಾಯಿತು, ಕೆಟ್ಟರೆ ರಿಪೇರಿ ಮಾಡುವವರು ಹತ್ತಿರದ ಪೇಟೆಯಲ್ಲಿದ್ದರು. 2011ರಲ್ಲಿ ಹಂದೆಯವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಲಿಂಗನಮಕ್ಕಿಯ ಹಿನ್ನೀರಿನ ಆಚೆಗಿನ ಹಳ್ಳಿಗಳನ್ನು ಬಲ್ಲವರಿಗೆ ಈ ದೀಪಗಳ ಬೆಲೆ ಗೊತ್ತು. ನಾಡಿಗೆಲ್ಲ ಬೆಳಕು ಕೊಡಲೆಂದು ಜಮೀನು ಮುಳುಗಿಸಿಕೊಂಡವರು ದಶಕಗಳ ಕಾಲ ಬುಡ್ಡಿದೀಪದಲ್ಲೇ ಉಳಿದಿದ್ದರು. ಬಿಳಿಗಿರಿರಂಗನ ಬೆಟ್ಟ, ಮಲೆಮಹದೇಶ್ವರ ಬೆಟ್ಟದ ಕಾಡಿನೊಳಗಿನ ಪೋಡುಗಳಿಗೆ, ಅಂದರೆ ಬುಡಕಟ್ಟು ಜನರ ಹಾಡಿಗಳಿಗೆ, ಕಂಬ ನೆಡಬೇಕಾದರೆ ಇಂದಿಗೂ ಅರಣ್ಯದ ಕಾನೂನು ದಾಟಬೇಕು.

ಅಂದಿನ ನಾಲ್ಕು ದೀಪದ ಮನೆಗೂ ಇಂದಿನ ಮನೆಗೂ ನಡುವೆ ಬೇಕುಗಳು ಬೆಳೆದಿವೆ. ಒಂದು ತೋಟದ ಮನೆಯ ಲೆಕ್ಕ ಹಾಕಿ ನೋಡೋಣ. ಒಂಬತ್ತು ವ್ಯಾಟಿನ ಎಂಟು ಎಲ್ಇಡಿ ಬಲ್ಬುಗಳು ದಿನಕ್ಕೆ ಐದು ಗಂಟೆ ಉರಿದರೆ 360 ವ್ಯಾಟ್-ಅವರ್. ಹಳೇ ಫ್ಯಾನು 75 ವ್ಯಾಟ್ ತಿನ್ನುತ್ತದೆ, ಈಗಿನ ಬಿಎಲ್‌ಡಿಸಿ ಫ್ಯಾನಿಗೆ 30 ಸಾಕು; ಅಂಥ ಮೂರು ಫ್ಯಾನು ಎಂಟು ಗಂಟೆ ತಿರುಗಿದರೆ 720. ಟಿವಿಗೆ 200. ವೈಫೈ ಡಬ್ಬಿ ನೋಡಲು ಪಾಪದ್ದು, ಆದರೆ ಇಡೀ ದಿನ ಉರಿಯುವುದರಿಂದ ಅದೂ ಮೊಬೈಲ್‌ಗಳೂ ಸೇರಿ 300. ಬೆಳಗಿನ ಚಟ್ನಿಗೆ, ಸಂಜೆಯ ಮಸಾಲೆಗೆ ಮಿಕ್ಸಿ ಒಟ್ಟು ಇಪ್ಪತ್ತು ನಿಮಿಷ ಓಡಿದರೆ 200. ಬಟ್ಟೆ ಒಗೆಯುವ ಮಿಶನ್ನು, ಬಿಸಿನೀರು ಕಾಯಿಸದೆ ಓಡಿಸಿದರೆ, ಇನ್ನೊಂದು 200. ಫ್ರಿಜ್ಜಿಗೆ ಸುಮಾರು ಒಂದು ಯೂನಿಟ್. ಸಾವಿರ ವ್ಯಾಟ್-ಅವರ್ ಎಂದರೆ ಒಂದು ಯೂನಿಟ್. ಎಲ್ಲ ಕೂಡಿದರೆ ಮೂರು ಯೂನಿಟ್ ಆಯಿತು.

ಇಲ್ಲಿಗೆ ಲೆಕ್ಕ ಮುಗಿಯಿತು ಎಂದು ಬಹಳ ಜನ ಪುಸ್ತಕ ಮಡಚುತ್ತಾರೆ. ಆದರೆ ಇನ್ವರ್ಟರ್ ಸುಮ್ಮನೆ ಕುಳಿತಿದ್ದರೂ ತಿನ್ನುತ್ತದೆ. ಅದರ ಸ್ವಂತ ಊಟ 30 ವ್ಯಾಟ್ ಎಂದು ಹಿಡಿದರೂ ಇಪ್ಪತ್ತನಾಲ್ಕು ಗಂಟೆಗೆ ಮುಕ್ಕಾಲು ಯೂನಿಟ್ ಹತ್ತಿರ ಹೋಯಿತು. ಅಂದರೆ ಮನೆಯ ಬಲ್ಬುಗಳೆಲ್ಲ ಸೇರಿ ತಿಂದದ್ದರ ಎರಡರಷ್ಟು. ಕೊಳ್ಳುವಾಗ ಇನ್ವರ್ಟರ್‌ನ ಖಾಲಿ ಬಳಕೆ ಎಷ್ಟು ಎಂದು ಕೇಳುವವರೇ ಇಲ್ಲ. ಮನೆಗೆ ಬೇಕಾದ್ದಕ್ಕಿಂತ ದೊಡ್ಡ ಇನ್ವರ್ಟರ್ ಇಟ್ಟುಕೊಂಡರೆ ಈ ದಂಡ ದಿನವೂ ತೆರಬೇಕು. ಹಳೆಯ ಸಣ್ಣ ವ್ಯವಸ್ಥೆಗಳಲ್ಲಿ ದೀಪಗಳು ಬ್ಯಾಟರಿಯ ಡಿಸಿಯಲ್ಲೇ ನೇರವಾಗಿ ಉರಿಯುತ್ತಿದ್ದವು. ಬಚ್ಚಲು, ಕೊಟ್ಟಿಗೆ, ಜಗಲಿಯ ದೀಪಗಳಿಗೆ ಅದೇ ಈಗಲೂ ಒಳ್ಳೆಯದು. ಇನ್ವರ್ಟರ್ ಕೈಕೊಟ್ಟ ರಾತ್ರಿಯೂ ಮನೆ ಕತ್ತಲಾಗುವುದಿಲ್ಲ.

ಗೀಸರ್, ಇಂಡಕ್ಷನ್ ಒಲೆ, ಇಸ್ತ್ರಿಪೆಟ್ಟಿಗೆಗಳನ್ನು ಈ ಪಟ್ಟಿಗೆ ಸೇರಿಸಲೇ ಇಲ್ಲ, ಬೇಕೆಂದೇ. ಎರಡು ಸಾವಿರ ವ್ಯಾಟಿನ ಗೀಸರ್ ಒಂದು ಗಂಟೆ ಉರಿದರೆ ಫ್ರಿಜ್ಜಿನ ಎರಡು ದಿನದ ಪಾಲು ಕರಗುತ್ತದೆ. ಬಿಸಿಲನ್ನು ಕರೆಂಟು ಮಾಡಿ, ಬ್ಯಾಟರಿಗೆ ತುಂಬಿ, ತೆಗೆದು, ಮತ್ತೆ ನೀರು ಕಾಯಿಸುವುದು ದಡ್ಡತನ. ಮಲೆನಾಡಿನ ಬಚ್ಚಲಲ್ಲಿ ಹಂಡೆ ಇದೆ, ಒಲೆ ಇದೆ, ಅಡಿಕೆ ಹಾಳೆಯೂ ತೆಂಗಿನ ಸಿಪ್ಪೆಯೂ ಬೇಕಾದಷ್ಟಿವೆ. ಬಯಲುಸೀಮೆಯಾದರೆ ಸೋಲಾರ್ ನೀರಿನ ಹೀಟರ್ ಇದೆ. ಅದರಲ್ಲಿ ಕರೆಂಟಿನ ಮಾತೇ ಇಲ್ಲ, ಬಿಸಿಲೇ ನೇರವಾಗಿ ನೀರು ಕಾಯಿಸುತ್ತದೆ.

ಇನ್ನು ಪ್ಯಾನೆಲ್. ಅಮೆರಿಕದ ಬೆಲ್ ಪ್ರಯೋಗಾಲಯದವರು 1954ರಲ್ಲಿ ತೋರಿಸಿದ ಸಿಲಿಕಾನ್ ಕೋಶ ಬಿದ್ದ ಬಿಸಿಲಿನಲ್ಲಿ ಶೇ 6ರಷ್ಟನ್ನು ಕರೆಂಟು ಮಾಡುತ್ತಿತ್ತು. ಈಗ ಅಂಗಡಿಯಲ್ಲಿ ಸಿಗುವ ಮಾಮೂಲಿ ಪ್ಯಾನೆಲ್ಲೇ ಶೇ 20 ದಾಟಿದೆ. ಪ್ಯಾನೆಲ್ಲಿನ ಬೆನ್ನಿಗೆ ಬರೆದಿರುವ ವ್ಯಾಟು ಪ್ರಯೋಗಾಲಯದ ಮಾತು: ಚದರ ಮೀಟರಿಗೆ ಸಾವಿರ ವ್ಯಾಟ್ ಬಿಸಿಲು, ಕೋಶದ ಬಿಸಿ 25 ಡಿಗ್ರಿ. ರಾಯಚೂರಿನ ತಾರಸಿಯ ಮೇಲೆ ಏಪ್ರಿಲ್ ಮಧ್ಯಾಹ್ನ ಕೋಶ 65 ಡಿಗ್ರಿ ಮುಟ್ಟುವುದು ದೊಡ್ಡ ಮಾತಲ್ಲ. ಒಂದೊಂದು ಡಿಗ್ರಿ ಏರಿದಾಗಲೂ ಶೇ 0.35ರಷ್ಟು ಸೋರಿದರೆ ಅಲ್ಲಿಗೇ ಶೇ 14 ಹೋಯಿತು. ಪ್ಯಾನೆಲ್ಲಿಗೆ ಬೇಕಾದ್ದು ಬೆಳಕು, ಬಿಸಿಯಲ್ಲ. ಆದ್ದರಿಂದ ಅದನ್ನು ತಗಡಿಗೆ ಅಂಟಿಸಿದಂತೆ ಕೂರಿಸದೆ ಕೆಳಗೆ ಗಾಳಿಯಾಡಲು ಜಾಗ ಬಿಡಬೇಕು. ಪಾವಗಡದಲ್ಲಿ 13,000 ಎಕರೆಯಲ್ಲಿ 2,050 ಮೆಗಾವ್ಯಾಟ್ ಹರಡಿರುವವರಿಗೆ ತಲೆನೋವು ಮೋಡಕ್ಕಿಂತ ಬಿಸಿ ಮತ್ತು ದೂಳು.

ಮಲೆನಾಡಿನಲ್ಲಿ ಶತ್ರು ನೆರಳು. ಪ್ಯಾನೆಲ್ಲಿನೊಳಗೆ ಕೋಶಗಳು ಒಂದರ ಬಾಲಕ್ಕೆ ಒಂದು ಜೋಡಿಸಿಕೊಂಡಿರುತ್ತವೆ. ಅಡಿಕೆ ಸೋಗೆಯ ನೆರಳು ಒಂದು ಮೂಲೆಗೆ ಬಿದ್ದರೆ ಆ ಸಾಲಿನ ಹರಿವೆಲ್ಲ ಅಲ್ಲಿ ಸಿಕ್ಕಿಕೊಳ್ಳುತ್ತದೆ. ಅದಕ್ಕೆಂದೇ ಪ್ಯಾನೆಲ್ಲಿನ ಹಿಂದಿನ ಡಬ್ಬಿಯಲ್ಲಿ ಸಾಮಾನ್ಯವಾಗಿ ಮೂರು ಬೈಪಾಸ್ ಡಯೋಡ್ ಇರುತ್ತವೆ. ಒಂದು ಭಾಗಕ್ಕೆ ನೆರಳಾದರೆ ಅದನ್ನು ಬಿಟ್ಟು ಮಿಕ್ಕದ್ದು ನಡೆಯುತ್ತದೆ. ಆದರೂ ಅಂಗೈಯಗಲದ ನೆರಳಿಗೆ ಮೂರನೇ ಒಂದು ಪಾಲು ಹೋದ ಹಾಗೇ. ಹಂಚಿನ ಮಾಡು, ಸುತ್ತ ಹಲಸು-ಮಾವು ಇರುವ ಮನೆಯಲ್ಲಿ ಮಾಡಿನ ಮೇಲಕ್ಕಿಂತ ಅಡಿಕೆ ಒಣಗಿಸುವ ಅಂಗಳದ ಬದಿಯಲ್ಲಿ ಕಬ್ಬಿಣದ ಸ್ಟ್ಯಾಂಡ್ ನಿಲ್ಲಿಸುವುದೇ ಲೇಸು. ಅಡಿಕೆ ಒಣಗುವ ಜಾಗ ಎಂದರೆ ಬಿಸಿಲು ಬೀಳುವ ಜಾಗ ಎಂದು ಹಿರಿಯರು ಆಗಲೇ ಪರೀಕ್ಷೆ ಮಾಡಿ ಇಟ್ಟಿದ್ದಾರೆ. ಮುಖ ದಕ್ಷಿಣಕ್ಕೆ, ಓರೆ ಹದಿನಾಲ್ಕು ಹದಿನೈದು ಡಿಗ್ರಿ. ಡಿಸೆಂಬರಿನಲ್ಲಿ ಸೂರ್ಯ ತೆಂಕಣಕ್ಕೆ ಬಾಗಿ ನೆರಳು ಉದ್ದವಾಗುವುದನ್ನೂ ನೋಡಿಕೊಂಡೇ ಜಾಗ ಗುರುತಿಸಬೇಕು.

ಹಣವೂ ಕಿರಿಕಿರಿಯೂ ಇರುವುದು ಬ್ಯಾಟರಿಯಲ್ಲಿ. ಸೀಸ-ಆಮ್ಲದ ಬ್ಯಾಟರಿಯನ್ನು ಫ್ರಾನ್ಸಿನ ಗಾಸ್ತೋಂ ಪ್ಲಾಂತೆ ಕಂಡುಹಿಡಿದದ್ದು 1859ರಲ್ಲಿ. ಇಂದಿಗೂ ನಮ್ಮ ಹಳ್ಳಿಮನೆಗಳ ಯುಪಿಎಸ್ ಪಕ್ಕ ಕುಳಿತಿರುವುದು ಅದರ ಮೊಮ್ಮಕ್ಕಳೇ. 12 ವೋಲ್ಟ್, 150 ಆಂಪಿಯರ್-ಅವರ್ ಎಂದರೆ ಗುಣಿಸಿದಾಗ 1.8 ಯೂನಿಟ್. ಆದರೆ ಅದನ್ನು ಪೂರ್ತಿ ಬರಿದು ಮಾಡುವ ಹಾಗಿಲ್ಲ. ಅರ್ಧಕ್ಕಿಂತ ಕೆಳಗೆ ಪದೇ ಪದೇ ಇಳಿಸಿದರೆ, ಇಳಿಸಿ ಹಾಗೇ ದಿನಗಟ್ಟಲೆ ಬಿಟ್ಟರೆ, ಫಲಕಗಳ ಮೇಲೆ ಸೀಸದ ಸಲ್ಫೇಟ್ ಹರಳುಗಟ್ಟಿ ಕೂರುತ್ತದೆ. ಮತ್ತೆ ಎಷ್ಟು ಚಾರ್ಜ್ ಮಾಡಿದರೂ ಅದು ಕರಗುವುದಿಲ್ಲ. ಮಲೆನಾಡಿನಲ್ಲಿ ಸೋಲಾರ್ ಬ್ಯಾಟರಿಗಳು ಸಾಯುವುದು ಬಹುಪಾಲು ಹೀಗೆ. ಮಳೆಗಾಲದ ಎರಡು ತಿಂಗಳು ಎಂದೂ ಹೊಟ್ಟೆ ತುಂಬದೆ ಅರೆಹಸಿವಿನಲ್ಲಿ ಕೊರಗಿ ಸಾಯುತ್ತವೆ. ನವರಾತ್ರಿಯ ಹೊತ್ತಿಗೆ ಬ್ಯಾಟರಿ ಡೌನ್ ಎಂಬ ದೂರು ಕೇಳುತ್ತದೆ. ಬೈಗುಳ ತಿನ್ನುವುದು ಕಂಪನಿ.

ಲಿಥಿಯಂ ಎಂದು ಮಾರುಕಟ್ಟೆಯಲ್ಲಿ ಹೇಳುವುದರಲ್ಲಿ ಮನೆಗೆ ತಕ್ಕದ್ದು ಲಿಥಿಯಂ ಐರನ್ ಫಾಸ್ಫೇಟ್. ಇದರ ಗುಣವನ್ನು ಲೋಕಕ್ಕೆ ತಿಳಿಸಿದ 1997ರ ಪ್ರಬಂಧಕ್ಕೆ ಮೂವರು ಕರ್ತೃಗಳು: ಪಾಢಿ, ನಂಜುಂಡಸ್ವಾಮಿ ಮತ್ತು ಗುಡ್‌ಇನಫ್. ಮೂರನೆಯವರಿಗೆ ಲಿಥಿಯಂ ಬ್ಯಾಟರಿಯ ಕೆಲಸಕ್ಕಾಗಿ 2019ರಲ್ಲಿ ನೊಬೆಲ್ ಬಂತು. ಮೊದಲಿಬ್ಬರ ಹೆಸರು ನಮ್ಮಲ್ಲಿ ಇನ್ನಷ್ಟು ಕೇಳಬೇಕಿತ್ತು. ಮೊಬೈಲ್‌ಗಳಲ್ಲಿರುವ ಲಿಥಿಯಂನಂತೆ ಇದು ಸುಲಭವಾಗಿ ಹೊತ್ತಿಕೊಳ್ಳುವುದಿಲ್ಲ, ನೀರು ಹಾಕುವ ಕೆಲಸವಿಲ್ಲ, ಶೇ 80-90ರಷ್ಟು ಬಳಸಬಹುದು, ಅರೆಹೊಟ್ಟೆಯಲ್ಲಿದ್ದರೂ ಬೇಸರವಿಲ್ಲ. ಪುಷ್ಯ ಮಳೆಯ ಊರಿಗೆ ಈ ಕೊನೆಯ ಗುಣ ಒಂದೇ ಸಾಕು.

ಬೆಲೆ ಹೆಚ್ಚಲ್ಲವೇ ಎಂದರೆ, ಬೆಲೆಯನ್ನು ನೋಡುವ ಕ್ರಮ ಬೇರೆಯಿದೆ. ಬ್ಯಾಟರಿ ತನ್ನ ಆಯುಷ್ಯದಲ್ಲಿ ಒಟ್ಟು ಎಷ್ಟು ಯೂನಿಟ್ ಕೊಡುತ್ತದೆ ಎಂದು ಹಿಡಿದು ಭಾಗಿಸಬೇಕು. ಸೀಸದ ಬ್ಯಾಟರಿ ಹದಿನೈದು ಸಾವಿರ ರೂಪಾಯಿ ಎಂದಿಟ್ಟುಕೊಳ್ಳಿ. ಸಲಕ್ಕೆ 0.9 ಯೂನಿಟ್‌ನಂತೆ 1,200 ಸಲ ತುಂಬಿ ಖಾಲಿಯಾದರೆ 1,080 ಯೂನಿಟ್. ಯೂನಿಟ್ಟಿಗೆ ಹದಿನಾಲ್ಕು ರೂಪಾಯಿ ಬಿತ್ತು. 51.2 ವೋಲ್ಟಿನ 100 ಆಂಪಿಯರ್-ಅವರ್ ಲಿಥಿಯಂ ಪೆಟ್ಟಿಗೆ ಒಂದು ಲಕ್ಷ ಎಂದಿಟ್ಟುಕೊಂಡರೂ, ಸಲಕ್ಕೆ ನಾಲ್ಕೂವರೆ ಯೂನಿಟ್‌ನಂತೆ 3,000 ಸಲಕ್ಕೆ 13,500 ಯೂನಿಟ್, ಅಂದರೆ ಏಳೂವರೆ ರೂಪಾಯಿಯ ಒಳಗೆ. ಪ್ಯಾನೆಲ್ ಖರ್ಚು ಇನ್ನೂ ಸೇರಿಸಿಲ್ಲ. ನಿಮ್ಮೂರ ಅಂಗಡಿಯ ಬೆಲೆ ಹಾಕಿ ನೀವೇ ಭಾಗಿಸಿ ನೋಡಿ. ಸೂರ್ಯನ ಬೆಳಕು ಪುಕ್ಕಟೆ, ಅದನ್ನು ರಾತ್ರಿಗೆ ಎತ್ತಿಡುವುದು ಪುಕ್ಕಟೆಯಲ್ಲ.

ಈಗ ಜುಲೈಗೆ ಬರೋಣ. ಮಳೆಗಾಲದಲ್ಲಿ ಫ್ಯಾನು ಬೇಡ, ಫ್ರಿಜ್ಜೂ ಕಡಿಮೆ ತಿನ್ನುತ್ತದೆ. ಇನ್ವರ್ಟರ್ ಪಾಲೂ ಸೇರಿ ಮನೆಯ ಖರ್ಚು ಎರಡೂಮುಕ್ಕಾಲು, ಮೂರು ಯೂನಿಟ್ಟಿಗೆ ಇಳಿಯುತ್ತದೆ. ಕಿಲೋವ್ಯಾಟಿಗೆ ದಿನಕ್ಕೆ ಒಂದೇ ಯೂನಿಟ್ ಬರುವುದಾದರೆ ಮೂರು ಕಿಲೋವ್ಯಾಟ್ ಪ್ಯಾನೆಲ್ ಬೇಕು. ಬೇಸಿಗೆಯಲ್ಲಿ ಇದು ಮನೆಗೆ ಬೇಕಾದ್ದರ ಮೂರು ಪಟ್ಟು ಹುಟ್ಟಿಸುತ್ತದೆ, ಹೆಚ್ಚಿನದು ವ್ಯರ್ಥವಾಗುತ್ತದೆ. ಆಗಲಿ ಬಿಡಿ, ಆಗ ಹಗಲು ತೋಟದ ಸಣ್ಣ ಪಂಪು ಓಡಿಸಬಹುದು. ಅಂಗಡಿಯವರ ಸಲಹೆ ಸಾಮಾನ್ಯವಾಗಿ ಬೇರೆ ಇರುತ್ತದೆ: ಮಳೆಗಾಲಕ್ಕೆ ಇನ್ನೆರಡು ಬ್ಯಾಟರಿ ಸೇರಿಸಿ ಎನ್ನುತ್ತಾರೆ. ಮೂರು ವಾರ ಎಡೆಬಿಡದೆ ಮೋಡವಿದ್ದರೆ ಹೆಚ್ಚಿನ ಬ್ಯಾಟರಿಗೆ ತುಂಬಲು ಏನಿದೆ? ಎರಡು ದಿನದ ಖರ್ಚಿಗೆ ಸಾಲುವಷ್ಟು ಬ್ಯಾಟರಿ ಇಟ್ಟುಕೊಂಡು ಮಿಕ್ಕ ಹಣವನ್ನು ಪ್ಯಾನೆಲ್ಲಿಗೆ ಹಾಕಿ. ಇವತ್ತು ಈ ಸಂಸಾರದಲ್ಲಿ ಅಗ್ಗವಾದ ಸಾಮಾನು ಪ್ಯಾನೆಲ್ಲೇ, ಮೋಡದಲ್ಲೂ ಅದು ಒಂದಿಷ್ಟು ಕೊಟ್ಟೇ ಕೊಡುತ್ತದೆ. ಜೊತೆಗೆ ಚಾರ್ಜ್ ಕಂಟ್ರೋಲರ್ ಎಂಪಿಪಿಟಿ ಬಗೆಯದೇ ಇರಲಿ. ಅಗ್ಗದ ಪಿಡಬ್ಲ್ಯುಎಂ ಕಂಟ್ರೋಲರ್ ಪ್ಯಾನೆಲ್ಲಿನ ವೋಲ್ಟೇಜನ್ನು ಬ್ಯಾಟರಿಯ ಮಟ್ಟಕ್ಕೆ ಎಳೆದು ಇಳಿಸಿಬಿಡುತ್ತದೆ. ಈಗಿನ ದೊಡ್ಡ ಪ್ಯಾನೆಲ್ಲನ್ನು ಅದರ ಮೂಲಕ 12 ವೋಲ್ಟ್ ಬ್ಯಾಟರಿಗೆ ಕೊಟ್ಟರೆ ಅರ್ಧಕ್ಕಿಂತ ಹೆಚ್ಚು ಅಲ್ಲೇ ಹೋಯಿತು.

ಮನೆಯ ಹಿಂದೆ ಧರೆಯಿಂದ ಇಳಿಯುವ ಹಳ್ಳ ಇದ್ದವರಿಗೆ ಇನ್ನೂ ಒಳ್ಳೆಯ ದಾರಿ ಇದೆ. ಪಶ್ಚಿಮಘಟ್ಟದ ನೂರಾರು ಮನೆಗಳಲ್ಲಿ ಪೈಪಿನಲ್ಲಿ ನೀರಿಳಿಸಿ ಸಣ್ಣ ಟರ್ಬೈನ್ ತಿರುಗಿಸಿಕೊಂಡಿದ್ದಾರೆ. ಒಂದು ಕಿಲೋವ್ಯಾಟಿನದು ರಾತ್ರಿ ಹಗಲು ತಿರುಗಿದರೆ ದಿನಕ್ಕೆ 24 ಯೂನಿಟ್. ಸೂರ್ಯ ಕೈಬಿಡುವ ತಿಂಗಳಿಗೇ ಸರಿಯಾಗಿ ಹಳ್ಳ ತುಂಬುತ್ತದೆ, ಹಳ್ಳ ಬತ್ತುವ ಹೊತ್ತಿಗೆ ಬಿಸಿಲು ಬರುತ್ತದೆ. ಇಷ್ಟು ಚೆನ್ನಾಗಿ ಹೊಂದುವ ಜೋಡಿಗೆ ಯಾವ ಸಹಾಯಧನ ಕೊಟ್ಟರೂ ಹೆಚ್ಚಲ್ಲ. ಹಳ್ಳವಿಲ್ಲದವರು ಒಂದು ಸಣ್ಣ ಜನರೇಟರ್ ಇಟ್ಟುಕೊಳ್ಳಲು ನಾಚಿಕೊಳ್ಳಬೇಕಿಲ್ಲ. ವರ್ಷದ ಹತ್ತು ಹದಿನೈದು ಕೆಟ್ಟ ದಿನಗಳಿಗಾಗಿ ಲಕ್ಷಗಟ್ಟಲೆ ಬ್ಯಾಟರಿ ಕೊಳ್ಳುವುದಕ್ಕಿಂತ ಅದು ಅಗ್ಗ.

ಜೋಡಣೆಯಲ್ಲಿ ಜನ ಎಡವುವ ಕಡೆಗಳಿವೆ. 1,200 ವ್ಯಾಟನ್ನು 12 ವೋಲ್ಟಿನಲ್ಲಿ ಹರಿಸಿದರೆ ನೂರು ಆಂಪಿಯರ್, 48 ವೋಲ್ಟಿನಲ್ಲಾದರೆ ಇಪ್ಪತ್ತೈದು. ಅದೇ ತಂತಿಯಲ್ಲಿ ಬಿಸಿಯಾಗಿ ಸೋರುವುದು ಹದಿನಾರು ಪಟ್ಟು ಕಡಿಮೆ. ಆದ್ದರಿಂದ ಪೂರ್ತಿ ಮನೆಗೆ 48 ವೋಲ್ಟ್ ವ್ಯವಸ್ಥೆಯೇ ಸರಿ. ಪ್ಯಾನೆಲ್ ಕಡೆಯ ಡಿಸಿ ಲೈನಿಗೆ ಮನೆಯ ಮಾಮೂಲಿ ಎಂಸಿಬಿ ಹಾಕುವ ಎಲೆಕ್ಟ್ರಿಷಿಯನ್‌ಗಳಿದ್ದಾರೆ. ಎಸಿ ಕರೆಂಟು ಸೆಕೆಂಡಿಗೆ ನೂರು ಸಲ ಸೊನ್ನೆ ಮುಟ್ಟುವುದರಿಂದ ಸ್ವಿಚ್ಚಿನ ಕಿಡಿ ತಾನೇ ಆರುತ್ತದೆ. ಡಿಸಿಗೆ ಸೊನ್ನೆಯೇ ಇಲ್ಲ, ಕಿಡಿ ಉರಿಯುತ್ತಲೇ ಇದ್ದು ಡಬ್ಬಿಗೆ ಬೆಂಕಿ ಬೀಳಬಹುದು. ಡಿಸಿ ಎಂದು ನಮೂದಾದ ಬ್ರೇಕರನ್ನೇ ಕೇಳಿ ಹಾಕಿಸಿ. ಸೀಸದ ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ, ದೇವರ ದೀಪದ ಪಕ್ಕದಲ್ಲೂ ಮುಚ್ಚಿದ ಕಪಾಟಿನಲ್ಲೂ ಅದಕ್ಕೆ ಜಾಗವಲ್ಲ. ಏಪ್ರಿಲ್-ಮೇ ಸಿಡಿಲಿಗೆ ಪ್ರತ್ಯೇಕ ಅರ್ತಿಂಗ್ ಮತ್ತು ಸರ್ಜ್ ಪ್ರೊಟೆಕ್ಟರ್ ಬೇಕೇ ಬೇಕು. ಅಷ್ಟು ಖರ್ಚು ಉಳಿಸಲು ಹೋದವರು ಇನ್ವರ್ಟರ್ ಸುಟ್ಟುಕೊಳ್ಳುತ್ತಾರೆ.

ಹಾಗಾದರೆ ಯಾರು ಹಾಕಿಸಬೇಕು? ಮನೆ ಬಾಗಿಲಿಗೆ ಲೈನು ಬಂದಿದ್ದು ಕರೆಂಟು ಸುಮಾರಾಗಿ ಇರುವವರು ಅದನ್ನು ಕಿತ್ತೊಗೆದು ಆಫ್-ಗ್ರಿಡ್ ಆಗುವುದು ಶೋಕಿ. ಗೃಹಜ್ಯೋತಿಯಲ್ಲಿ 200 ಯೂನಿಟ್‌ವರೆಗೆ ಬಿಲ್ಲೇ ಕಟ್ಟದ ಮನೆಗಂತೂ ಹಣದ ಲೆಕ್ಕದಲ್ಲಿ ಇದು ನಷ್ಟವೇ. ಲೈನು ಇದ್ದೂ ಮಳೆಗಾಲದಲ್ಲಿ ವಾರಗಟ್ಟಲೆ ಕೈಕೊಡುವ ಮನೆಗಳಿಗೆ ಹೈಬ್ರಿಡ್ ಇನ್ವರ್ಟರ್ ತಕ್ಕದ್ದು. ಅದು ಬಿಸಿಲಿದ್ದಾಗ ಪ್ಯಾನೆಲ್, ಇಲ್ಲದಾಗ ಲೈನು, ಎರಡೂ ಇಲ್ಲದಾಗ ಬ್ಯಾಟರಿ ಎಂದು ತಾನೇ ಆರಿಸಿಕೊಳ್ಳುತ್ತದೆ. ಲೈನೇ ಬಾರದ ಕಾಡಂಚಿನ ಮನೆಗಳಿಗೆ ಮಾತ್ರ ಪೂರ್ತಿ ಆಫ್-ಗ್ರಿಡ್. ಅವರು ಮೊದಲು ದೀಪ, ಫ್ಯಾನು, ಮೊಬೈಲ್‌ಗೆ ಸಾಲುವಷ್ಟು ಹಾಕಿಸಿ, ಒಂದು ಮಳೆಗಾಲ ಕಳೆದ ಮೇಲೆ ಫ್ರಿಜ್ಜಿನ ಯೋಚನೆ ಮಾಡಲಿ. ಮಾರುವವರ ಬಳಿ ಕೊಟೇಶನ್ನಿನಲ್ಲಿ ಜುಲೈ ತಿಂಗಳ ದಿನದ ಯೂನಿಟ್ ಎಷ್ಟೆಂದು ಬರೆಸಿಕೊಳ್ಳಿ, ಹಳೇ ಬ್ಯಾಟರಿ ವಾಪಸ್ ಪಡೆಯುವ ಮಾತನ್ನೂ ಸೇರಿಸಿ. ರಿಪೇರಿಗೆ ಬರುವ ಹುಡುಗ ಅರ್ಧ ದಿನದ ದಾರಿಯೊಳಗೆ ಇಲ್ಲದ ಕಂಪನಿಯ ಮಾಲನ್ನು ಎಷ್ಟೇ ಅಗ್ಗಕ್ಕೆ ಕೊಟ್ಟರೂ ಕೊಳ್ಳಬೇಡಿ.